ಟಿವಿಯಲ್ಲಿ ಅಂಚು ಕಟ್ ಆಗ್ತಿದೆಯಾ? ಮೆಕ್ಯಾನಿಕ್ ಕರೆಸೋ ಮುಂಚೆ ರಿಮೋಟ್‌ನಲ್ಲಿ ಇಷ್ಟು ನೋಡಿ

ಕೊಳ್ಳೇಗಾಲ: ಮನೆಗೆ ಹೊಸ ಟಿವಿ ಬಂದ ಮೇಲೆ ಹಳೇ ಎಲ್‌ಸಿಡಿ ಟಿವಿ ಅಂಗಡಿಗೆ ಹೋಗುತ್ತೆ. ಅಲ್ಲಿ ಅದಕ್ಕೆ ಸಿಸಿಟಿವಿ ಡಿವಿಆರ್ ಅಥವಾ ಬಿಲ್ಲಿಂಗ್ ಕಂಪ್ಯೂಟರ್ ಜೋಡಿಸ್ತಾರೆ. ಜೋಡಿಸಿದ ದಿನವೇ ತಕರಾರು ಶುರು. ಬಿಲ್‌ನ ಕೆಳಗಿನ ಒಟ್ಟು ಮೊತ್ತದ ಸಾಲು ಅರ್ಧ ಕಾಣುತ್ತೆ, ಕ್ಯಾಮೆರಾ ಚಿತ್ರದ ಮೂಲೆಯಲ್ಲಿರೋ ತಾರೀಕು, ಟೈಮ್ ಪೂರ್ತಿ ಕಾಣಲ್ಲ. ಮನೆಗಳಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತೆ. ನ್ಯೂಸ್ ಚಾನೆಲ್‌ನಲ್ಲಿ ಕೆಳಗೆ ಓಡುವ ಸುದ್ದಿ ಪಟ್ಟಿಯ ಅಕ್ಷರಗಳು ಅಂಚಿನಲ್ಲಿ ನುಂಗಿಹೋಗುತ್ತವೆ.

ಟಿವಿ ಹೋಯ್ತು, ಪ್ಯಾನಲ್ ಹೋಯ್ತು ಅಂದ್ಕೊಂಡು ರಿಪೇರಿಗೆ ಹೊತ್ತುಕೊಂಡು ಹೋಗೋರಿದ್ದಾರೆ. ಹನೂರು ಕಡೆಯ ಹಳ್ಳಿಯಿಂದ ಕೊಳ್ಳೇಗಾಲಕ್ಕೆ ಟಿವಿ ತಂದು ವಾಪಸ್ ಒಯ್ಯೋದು ಅಂದ್ರೆ ಆಟೋ ಬಾಡಿಗೆ, ಒಂದು ದಿನದ ಕೆಲಸ ಎರಡೂ ಹೋದಂತೆ. ಆದರೆ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಕಟ್ ಆಗುತ್ತಿದ್ದರೆ ಹೆಚ್ಚಿನ ಸಲ ಟಿವಿಯಲ್ಲಿ ದೋಷವೇ ಇರಲ್ಲ. ಇದರ ಹೆಸರು ಓವರ್‌ಸ್ಕ್ಯಾನ್. ಎಲ್‌ಸಿಡಿ, ಎಲ್‌ಇಡಿ ಟಿವಿಯಲ್ಲಿ ಬಹುತೇಕ ರಿಮೋಟ್‌ನಿಂದಲೇ ಸರಿಹೋಗುತ್ತೆ. ಹಳೇ ಡಬ್ಬ ಟಿವಿಯಲ್ಲಿ ಮಾತ್ರ ಸ್ವಲ್ಪ ಬೇರೆ ದಾರಿ.

ಓವರ್‌ಸ್ಕ್ಯಾನ್ ಅಂದ್ರೆ ಏನು?

ಟಿವಿಗೆ ಬಂದ ಚಿತ್ರವನ್ನು ಟಿವಿಯೇ ಸ್ವಲ್ಪ ದೊಡ್ಡದು ಮಾಡಿ ತೋರಿಸುತ್ತೆ. ದೊಡ್ಡದಾದಾಗ ಅಂಚುಗಳು ಸ್ಕ್ರೀನ್‌ನಿಂದ ಹೊರಗೆ ಹೋಗುತ್ತವೆ. ದೊಡ್ಡ ಫೋಟೋವನ್ನು ಚಿಕ್ಕ ಫ್ರೇಮ್‌ಗೆ ಹಾಕಿದ ಹಾಗೆ. ಫೋಟೋ ಪೂರ್ತಿ ಇದೆ, ಅಂಚು ಮಾತ್ರ ಕಟ್ಟಿನ ಹಿಂದೆ ಅಡಗಿದೆ.

ಇದು ಶುರುವಾಗಿದ್ದು ಡಬ್ಬ ಟಿವಿ ಕಾಲದಲ್ಲಿ. ಪಿಕ್ಚರ್ ಟ್ಯೂಬ್ ಒಳಗೆ ಎಲೆಕ್ಟ್ರಾನ್ ಕಿರಣ ಸಾಲು ಸಾಲಾಗಿ ಓಡಿ ಚಿತ್ರ ಬಿಡಿಸುತ್ತಿತ್ತು. ಕರೆಂಟ್ ಏರಿಳಿದರೆ, ಒಳಗಿನ ಬಿಡಿಭಾಗ ಹಳತಾದರೆ, ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಚಿತ್ರದ ಅಳತೆಯೂ ಹಿಗ್ಗಿ ಕುಗ್ಗಿ ಆಗುತ್ತಿತ್ತು. ಕುಗ್ಗಿದಾಗ ಸುತ್ತ ಕಪ್ಪು ಅಂಚು ಕಾಣಬಾರದು ಅಂತ ಕಂಪನಿಯವರು ಮೊದಲೇ ಚಿತ್ರವನ್ನು ಗಾಜಿಗಿಂತ ಸ್ವಲ್ಪ ದೊಡ್ಡದಾಗಿ ಇಟ್ಟಿರುತ್ತಿದ್ದರು. ಪ್ರಸಾರ ಮಾಡುವವರಿಗೂ ಇದು ಗೊತ್ತಿತ್ತು. ಹಾಗಾಗಿ ಮುಖ್ಯ ದೃಶ್ಯವನ್ನು ಚಿತ್ರದ ನಡುವಿನ ಶೇ 90 ಭಾಗದಲ್ಲಿ, ಅಕ್ಷರಗಳನ್ನು ಶೇ 80 ಭಾಗದಲ್ಲಿ ಇಡುವ ಪದ್ಧತಿ ಬೆಳೆಯಿತು. ಹಳೇ ಸಿನಿಮಾ, ಸೀರಿಯಲ್‌ಗಳ ಹೆಸರಿನ ಪಟ್ಟಿ ಅಂಚಿಂದ ದೂರ, ನಡುವೆಯೇ ಬರುತ್ತಿದ್ದುದು ಇದಕ್ಕೇ.

ಎಲ್‌ಸಿಡಿ, ಎಲ್‌ಇಡಿ ಟಿವಿಯಲ್ಲಿ ಚುಕ್ಕಿಗಳ ಲೆಕ್ಕ ಖಾಯಂ. ಚಿತ್ರ ಕುಗ್ಗೋ ಪ್ರಶ್ನೆಯೇ ಇಲ್ಲ. ಆದರೂ ಹಳೇ ಪ್ರಸಾರದ ಅಂಚಿನಲ್ಲಿ ಬರುತ್ತಿದ್ದ ಚುಕ್ಕಿ, ಗೆರೆ ಕಾಣಿಸದಿರಲಿ ಅಂತ ಕಂಪನಿಗಳು ಓವರ್‌ಸ್ಕ್ಯಾನ್ ಉಳಿಸಿಕೊಂಡವು. ಸಿನಿಮಾ ನೋಡೋವಾಗ ಇದು ಯಾರಿಗೂ ಗೊತ್ತಾಗಲ್ಲ. ಕಂಪ್ಯೂಟರ್ ಜೋಡಿಸಿದಾಗ ಗೊತ್ತಾಗುತ್ತೆ, ಯಾಕಂದ್ರೆ ಕಂಪ್ಯೂಟರ್ ತನ್ನ ಮುಖ್ಯ ಬಟನ್‌ಗಳನ್ನು ಅಂಚಿನಲ್ಲೇ ಇಟ್ಟುಕೊಂಡಿರುತ್ತೆ.

ಲೆಕ್ಕ ಹೀಗಿದೆ. ಫುಲ್ ಎಚ್‌ಡಿ ಚಿತ್ರ ಅಂದ್ರೆ ಅಡ್ಡ 1920, ಉದ್ದ 1080 ಚುಕ್ಕಿ. ಟಿವಿ ಶೇ 5ರಷ್ಟು ಓವರ್‌ಸ್ಕ್ಯಾನ್ ಮಾಡಿದರೆ ಎಡಕ್ಕೆ 48, ಬಲಕ್ಕೆ 48, ಮೇಲೆ 27, ಕೆಳಗೆ 27 ಚುಕ್ಕಿ ಹೊರಗೆ ಹೋಗುತ್ತವೆ. ವಿಂಡೋಸ್ 10ರಲ್ಲಿ ಕೆಳಗಿನ ಟಾಸ್ಕ್‌ಬಾರ್ ಪಟ್ಟಿಯ ಎತ್ತರ ಮಾಮೂಲಿ ಸೆಟ್ಟಿಂಗ್‌ನಲ್ಲಿ 40 ಚುಕ್ಕಿ. ಅದರಲ್ಲಿ 27 ಹೋದರೆ ಅರ್ಧಕ್ಕಿಂತ ಜಾಸ್ತಿ ಮಾಯ. ಸ್ಟಾರ್ಟ್ ಬಟನ್, ಗಡಿಯಾರ ಕಾಣಲ್ಲ ಅಂತ ಅಂಗಡಿಯವರು ಹೇಳೋದು ಇದೇ ಕಾರಣಕ್ಕೆ.

ಮೊದಲು ಯಾವ ತೊಂದರೆ ಅಂತ ಗುರುತಿಸಿ

ಎಲ್ಲ ಕಟ್ ಕೂಡ ಓವರ್‌ಸ್ಕ್ಯಾನ್ ಅಲ್ಲ. ಸೆಟ್ಟಿಂಗ್ ಮುಟ್ಟೋ ಮುಂಚೆ ಇಷ್ಟು ನೋಡಿಕೊಳ್ಳಿ.

- ನಾಲ್ಕೂ ಕಡೆ ಸಮನಾಗಿ ಸ್ವಲ್ಪ ಕಟ್: ಇದು ಓವರ್‌ಸ್ಕ್ಯಾನ್.
- ಎಡ, ಬಲ ಮಾತ್ರ ತುಂಬಾ ಕಟ್, ಮೇಲೆ ಕೆಳಗೆ ಸರಿ ಇದೆ: ಸೆಟ್‌ಟಾಪ್ ಬಾಕ್ಸ್‌ನ ಸ್ಕ್ರೀನ್ ಅಳತೆ ತಪ್ಪಾಗಿದೆ.
- ಮೇಲೆ, ಕೆಳಗೆ ಮಾತ್ರ ಕಟ್: ಟಿವಿ ಜೂಮ್ ಮೋಡ್‌ನಲ್ಲಿದೆ.
- ಜನ ದಪ್ಪಗೆ ಅಥವಾ ಸಪೂರವಾಗಿ ಕಾಣ್ತಾರೆ, ಏನೂ ಕಟ್ ಆಗಿಲ್ಲ: 4:3, 16:9 ಅದಲು ಬದಲಾಗಿದೆ.
- ಒಂದೇ ಚಾನೆಲ್‌ನಲ್ಲಿ ಕಟ್, ಬೇರೆಲ್ಲಾ ಸರಿ: ತೊಂದರೆ ಚಾನೆಲ್‌ನವರದ್ದು. ನಿಮ್ಮ ಸೆಟ್ಟಿಂಗ್ ಮುಟ್ಟಬೇಡಿ.
- ಚಿತ್ರ ಒಂದು ಕಡೆಗೆ ಸರಿದಿದೆ, ಇನ್ನೊಂದು ಕಡೆ ಕಪ್ಪು ಪಟ್ಟಿ ಇದೆ: ಪೊಸಿಷನ್ ಸರಿಪಡಿಸಬೇಕು.
- ಡಬ್ಬ ಟಿವಿಯಲ್ಲಿ ಚಿತ್ರ ದಿನೇ ದಿನೇ ಕುಗ್ಗುತ್ತಿದೆ ಅಥವಾ ನಡುವೆ ಒಂದೇ ಬಿಳಿ ಗೆರೆ: ಇದು ನಿಜವಾದ ದೋಷ. ಟಿವಿ ಆಫ್ ಮಾಡಿ ಮೆಕ್ಯಾನಿಕ್‌ಗೆ ತೋರಿಸಿ.

ಕಂಪ್ಯೂಟರ್ ಜೋಡಿಸಿದ್ದರೆ ಪರೀಕ್ಷೆ ಸುಲಭ. ಮೌಸ್ ಬಾಣವನ್ನು ನಾಲ್ಕೂ ಮೂಲೆಗೆ ಎಳೀರಿ. ಎಡ ಮೇಲಿನ ಮೂಲೆಯಲ್ಲಿ ಬಾಣದ ತುದಿ ಕಾಣದೇ ಹೋದರೆ ಓವರ್‌ಸ್ಕ್ಯಾನ್ ಇದೆ ಅಂತ ಅರ್ಥ. ಪೆನ್‌ಡ್ರೈವ್ ಫೋಟೋ ಹಾಕಿ ನೋಡೋದು ನಂಬಿಕಸ್ಥ ಪರೀಕ್ಷೆ ಅಲ್ಲ. ಟಿವಿ ತನ್ನದೇ ಆಪ್‌ನಲ್ಲಿ ಫೋಟೋ ತೋರಿಸುವಾಗ ಓವರ್‌ಸ್ಕ್ಯಾನ್ ಇಲ್ಲದೇ ಇರಬಹುದು.

ಎಲ್‌ಸಿಡಿ, ಎಲ್‌ಇಡಿ ಟಿವಿ: ರಿಮೋಟ್‌ನಲ್ಲೇ ದಾರಿ

ಮೊದಲು ಸರಿ ಮಾಡಬೇಕಾದ್ದು ಟಿವಿ. ಅಲ್ಲಿ ಆಗದಿದ್ದರೆ ಬಾಕ್ಸ್ ಅಥವಾ ಡಿವಿಆರ್. ಕೊನೆಗೆ ಕಂಪ್ಯೂಟರ್. ಈ ಕ್ರಮ ಬಿಡಬೇಡಿ. ಟಿವಿಯಲ್ಲಿ ಸರಿಯಾದರೆ ಅಕ್ಷರ ಸ್ಪಷ್ಟವಾಗಿರುತ್ತೆ. ಕಂಪ್ಯೂಟರ್‌ನಲ್ಲಿ ಚಿತ್ರ ಕುಗ್ಗಿಸಿ ಮತ್ತೆ ಟಿವಿ ಅದನ್ನು ಹಿಗ್ಗಿಸಿದರೆ ಅಕ್ಷರ ಮಸುಕಾಗುತ್ತೆ.

ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ. ಮಾಡೆಲ್, ವರ್ಷ ಬದಲಾದಂತೆ ಮೆನುವೂ ಸ್ವಲ್ಪ ಬದಲಾಗುತ್ತೆ. ಸಾಮಾನ್ಯವಾಗಿ ಸಿಗೋ ಹೆಸರು ಇವು.

- ಸ್ಯಾಮ್‌ಸಂಗ್: ರಿಮೋಟ್‌ನಲ್ಲಿ ಪಿ.ಸೈಜ್ ಬಟನ್, ಅಥವಾ ಪಿಕ್ಚರ್ ಮೆನುವಿನಲ್ಲಿ ಪಿಕ್ಚರ್ ಸೈಜ್. ಅಲ್ಲಿ 16:9 ಬದಲು ಸ್ಕ್ರೀನ್ ಫಿಟ್ ಆರಿಸಿ. ಕೆಲವು ಹಳೇ ಮಾಡೆಲ್‌ನಲ್ಲಿ ಇದಕ್ಕೇ ಜಸ್ಟ್ ಸ್ಕ್ಯಾನ್ ಅಂತ ಇದೆ.
- ಎಲ್‌ಜಿ: ರೇಶಿಯೋ ಬಟನ್ ಅಥವಾ ಕ್ಯೂ.ಮೆನು, ಅದರಲ್ಲಿ ಆಸ್ಪೆಕ್ಟ್ ರೇಶಿಯೋ, ಅಲ್ಲಿ ಜಸ್ಟ್ ಸ್ಕ್ಯಾನ್.
- ಸೋನಿ: ಸ್ಕ್ರೀನ್ ಮೆನುವಿನಲ್ಲಿ ಡಿಸ್‌ಪ್ಲೇ ಏರಿಯಾ, ಅಲ್ಲಿ ಫುಲ್ ಪಿಕ್ಸೆಲ್.
- ಪ್ಯಾನಸಾನಿಕ್: 16:9 ಓವರ್‌ಸ್ಕ್ಯಾನ್ ಅನ್ನೋದನ್ನು ಆಫ್ ಮಾಡಿ. ಹಳೇ ಮಾಡೆಲ್‌ನಲ್ಲಿ ಎಚ್‌ಡಿ ಸೈಜ್ 2.
- ಫಿಲಿಪ್ಸ್: ಪಿಕ್ಚರ್ ಫಾರ್ಮ್ಯಾಟ್‌ನಲ್ಲಿ ಅನ್‌ಸ್ಕೇಲ್ಡ್.
- ಶಾರ್ಪ್: ಡಾಟ್ ಬೈ ಡಾಟ್.

ಬೇರೆ ಬ್ರ್ಯಾಂಡ್ ಅಥವಾ ಅಸೆಂಬಲ್ ಮಾಡಿದ ಟಿವಿ ಆದರೆ ಜೂಮ್ ಬಟನ್ ಒತ್ತುತ್ತಾ ಹೋಗಿ. ಜಸ್ಟ್ ಸ್ಕ್ಯಾನ್ ಅಥವಾ ಡಾಟ್ ಬೈ ಡಾಟ್ ಅನ್ನೋ ಹೆಸರು ಬಂದ ಕಡೆ ನಿಲ್ಲಿಸಿ.

ಆ ಹೆಸರು ಮೆನುವಿನಲ್ಲಿ ಇದೆ, ಆದರೆ ಆರಿಸೋಕೆ ಬಿಡ್ತಿಲ್ಲ ಅಂದ್ರೆ ಒಳಗೆ ಬರುತ್ತಿರೋ ಚಿತ್ರ ಎಚ್‌ಡಿ ಅಲ್ಲ ಅಂತ ಅರ್ಥ. ಹಳದಿ, ಕೆಂಪು, ಬಿಳಿ ಎವಿ ವೈರ್‌ನಲ್ಲಿ ಜೋಡಿಸಿದಾಗ ಈ ಆಯ್ಕೆ ಸಾಮಾನ್ಯವಾಗಿ ಸಿಗಲ್ಲ. ಎಚ್‌ಡಿಎಂಐ ವೈರ್ ಹಾಕಿ, ಕಂಪ್ಯೂಟರ್ ಅಥವಾ ಬಾಕ್ಸ್‌ನಲ್ಲಿ ರೆಸಲ್ಯೂಶನ್ 720 ಅಥವಾ 1080 ಇಟ್ಟು ಮತ್ತೆ ನೋಡಿ.

ಇನ್ನೊಂದು ಉಪಾಯ ಇದೆ. ಸ್ಯಾಮ್‌ಸಂಗ್, ಎಲ್‌ಜಿಯ ಎಷ್ಟೋ ಟಿವಿಗಳಲ್ಲಿ ಇನ್‌ಪುಟ್‌ಗೆ ಹೆಸರು ಕೊಡೋ ಅವಕಾಶ ಇದೆ. ಆ ಎಚ್‌ಡಿಎಂಐ ಇನ್‌ಪುಟ್‌ಗೆ ಪಿಸಿ ಅಂತ ಹೆಸರು ಕೊಟ್ಟರೆ ಟಿವಿ ಅದನ್ನು ಕಂಪ್ಯೂಟರ್ ಅಂತ ತಿಳಿದು ಅಂಚು ಕತ್ತರಿಸೋದು ಬಿಡುತ್ತೆ.

ಟಿವಿ ಹಿಂದೆ 15 ಪಿನ್ನಿನ ವಿಜಿಎ ಸಾಕೆಟ್ ಇದ್ದರೆ ಅದೂ ಒಳ್ಳೇ ದಾರಿಯೇ. ವಿಜಿಎಯಲ್ಲಿ ಬಂದದ್ದನ್ನು ಹಳೇ ಟಿವಿಗಳು ಕಂಪ್ಯೂಟರ್ ಚಿತ್ರ ಅಂತಲೇ ತಿಳಿಯುವುದರಿಂದ ಹೆಚ್ಚಾಗಿ ಓವರ್‌ಸ್ಕ್ಯಾನ್ ಆಗಲ್ಲ. ಚಿತ್ರ ಪಕ್ಕಕ್ಕೆ ಸರಿದಿದ್ದರೆ ಮೆನುವಿನಲ್ಲಿ ಆಟೋ ಅಡ್ಜಸ್ಟ್ ಒತ್ತಿ. ವಿಜಿಎಯಲ್ಲಿ ಸೌಂಡ್ ಬರಲ್ಲ, ಅದಕ್ಕೆ ಬೇರೆ ವೈರ್ ಬೇಕು. ಬಿಲ್ಲಿಂಗ್‌ಗೆ ಸೌಂಡ್ ಬೇಕಾಗೂ ಇಲ್ಲ.

ಸೆಟ್ಟಿಂಗ್ ಆದ ಮೇಲೆ ಎರಡು ವಿಷಯ ನೆನಪಿರಲಿ. ಒಂದು, ಹೆಚ್ಚಿನ ಟಿವಿಗಳಲ್ಲಿ ಒಂದೊಂದು ಇನ್‌ಪುಟ್‌ಗೂ ಬೇರೆ ಬೇರೆ ಸೆಟ್ಟಿಂಗ್. ಎಚ್‌ಡಿಎಂಐ 1ರಲ್ಲಿ ಸರಿ ಮಾಡಿ ವೈರನ್ನು ಎಚ್‌ಡಿಎಂಐ 2ಕ್ಕೆ ಹಾಕಿದರೆ ಮತ್ತೆ ಕಟ್ ಆಗಬಹುದು. ಎರಡು, ಓವರ್‌ಸ್ಕ್ಯಾನ್ ತೆಗೆದ ಮೇಲೆ ಕೆಲವು ಚಾನೆಲ್‌ಗಳಲ್ಲಿ ಮೇಲಂಚಿನಲ್ಲಿ ಮಿಣಮಿಣ ಅನ್ನೋ ಚುಕ್ಕಿ ಗೆರೆ ಕಾಣಬಹುದು. ಅದು ಟಿವಿಯ ದೋಷ ಅಲ್ಲ. ಇಷ್ಟು ದಿನ ಅಡಗಿದ್ದುದು ಈಗ ಕಾಣ್ತಿದೆ ಅಷ್ಟೇ.

ಡಿಶ್, ಕೇಬಲ್ ಬಾಕ್ಸ್ ಇರೋ ಮನೆಗಳಲ್ಲಿ

ಹಳೇ ಕೇಬಲ್‌ನಲ್ಲಿ ವೈರ್ ನೇರ ಟಿವಿಗೆ ಚುಚ್ಚಿದರೆ ಸಾಕಿತ್ತು. ಗ್ರಾಮೀಣ ಭಾಗಕ್ಕೂ ಡಿಜಿಟಲ್ ಕೇಬಲ್ ಕಡ್ಡಾಯವಾಗುವ ಗಡುವು 2017ರ ಮಾರ್ಚ್ 31ಕ್ಕೆ ಮುಗಿಯಿತು. ಆಮೇಲೆ ಡಬ್ಬ ಟಿವಿಗೂ ಸೆಟ್‌ಟಾಪ್ ಬಾಕ್ಸ್ ಬಂತು. ಡಿಡಿ ಫ್ರೀ ಡಿಶ್ ಹಾಕಿಸಿದ ಮನೆಗಳಲ್ಲೂ ಇದೇ ಕತೆ. ಈಗಿನ ಚಾನೆಲ್‌ಗಳು ಬಹುತೇಕ 16:9 ಅಗಲದ ಚಿತ್ರ ಕಳಿಸುತ್ತವೆ. ಡಬ್ಬ ಟಿವಿ 4:3. ಎರಡೂ ಹೊಂದಿಸೋ ಕೆಲಸ ಬಾಕ್ಸ್‌ನದ್ದು.

ಬಾಕ್ಸ್ ರಿಮೋಟ್‌ನಲ್ಲಿ ಮೆನು ಒತ್ತಿ, ಸೆಟ್ಟಿಂಗ್ಸ್ ಅಥವಾ ಟಿವಿ ಸಿಸ್ಟಂ ಒಳಗೆ ಆಸ್ಪೆಕ್ಟ್ ರೇಶಿಯೋ ಹುಡುಕಿ. ಅಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆ ಇರುತ್ತವೆ.

- 4:3 ಪ್ಯಾನ್ ಸ್ಕ್ಯಾನ್: ಸ್ಕ್ರೀನ್ ತುಂಬುತ್ತೆ, ಆದರೆ ಎಡ ಬಲ ಕತ್ತರಿಸುತ್ತೆ. ಅಗಲದಲ್ಲಿ ಕಾಲು ಭಾಗ ಹೋಗುತ್ತೆ.
- 4:3 ಲೆಟರ್ ಬಾಕ್ಸ್: ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ, ಆದರೆ ಚಿತ್ರದ ಎಡ ಬಲ ಉಳಿಯುತ್ತೆ.
- 16:9: ಇದು ಅಗಲ ಟಿವಿಗೆ. ಡಬ್ಬ ಟಿವಿಯಲ್ಲಿ ಹಾಕಿದರೆ ಜನ ಉದ್ದುದ್ದ ಕಾಣ್ತಾರೆ.

ಡಬ್ಬ ಟಿವಿಯಲ್ಲಿ ಸುದ್ದಿ ಪಟ್ಟಿ ಓದಬೇಕು, ಕ್ರಿಕೆಟ್ ಸ್ಕೋರ್ ಕಾಣಬೇಕು ಅಂದ್ರೆ ಲೆಟರ್ ಬಾಕ್ಸ್ ಇಡಿ. ಕಪ್ಪು ಪಟ್ಟಿ ನೋಡಿ ಮನೇಲಿ ಹಿರಿಯರು ‘ಟಿವಿ ಚಿಕ್ಕದಾಯ್ತು’ ಅಂತ ಗೊಣಗಬಹುದು, ಆದರೆ ಕಾಣೋ ವಿಷಯ ಜಾಸ್ತಿ. ಡಬ್ಬ ಟಿವಿಯ ಓವರ್‌ಸ್ಕ್ಯಾನ್ ಪೂರ್ತಿ ಹೋಗಲ್ಲ, ಅಂಚಿನ ಒಂದೆರಡು ಅಕ್ಷರ ಆಗಲೂ ಹೋಗಬಹುದು. ಪ್ಯಾನ್ ಸ್ಕ್ಯಾನ್‌ನಲ್ಲಿ ಹೋಗೋದರ ಮುಂದೆ ಅದು ಏನೂ ಅಲ್ಲ.

ಅದೇ ಮೆನುವಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಅನ್ನೋ ಎರಡು ಹೆಸರೂ ಇರುತ್ತವೆ. ನಮ್ಮ ದೇಶದ ಪದ್ಧತಿ ಪಾಲ್. ಅದರಲ್ಲಿ 625 ಸಾಲು, ಚಿತ್ರಕ್ಕೆ ಬಳಸೋದು 576. ಮಕ್ಕಳು ರಿಮೋಟ್ ಒತ್ತಿ ಎನ್‌ಟಿಎಸ್‌ಸಿ ಆಗಿದ್ದರೆ ಹಳೇ ಟಿವಿಯಲ್ಲಿ ಬಣ್ಣ ಹೋಗಬಹುದು, ಚಿತ್ರ ಉರುಳಬಹುದು. ವಾಪಸ್ ಪಾಲ್ ಮಾಡಿ.

ಅಂಗಡಿಯ ಸಿಸಿಟಿವಿ: ತಾರೀಕು, ಟೈಮ್ ಕಾಣಲೇಬೇಕು

ಡಿವಿಆರ್‌ನಲ್ಲಿ ಮೆನು ತೆರೆದು ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ. ಎಷ್ಟೋ ಡಿವಿಆರ್‌ಗಳಲ್ಲಿ ಟಿವಿ ಅಡ್ಜಸ್ಟ್ ಅಥವಾ ಮಾರ್ಜಿನ್ ಅನ್ನೋ ಆಯ್ಕೆ ಇದೆ. ಮೇಲೆ, ಕೆಳಗೆ, ಎಡ, ಬಲ ನಾಲ್ಕನ್ನೂ ಸ್ವಲ್ಪ ಸ್ವಲ್ಪ ಸರಿಸಿ ಚಿತ್ರ ಒಳಗೆ ತನ್ನಿ. ರೆಸಲ್ಯೂಶನ್ ಬದಲಾಯಿಸುವಾಗ ಹುಷಾರು. ಟಿವಿಗೆ ಆಗದ ರೆಸಲ್ಯೂಶನ್ ಕೊಟ್ಟರೆ ಸ್ಕ್ರೀನ್ ಕಪ್ಪಾಗಿ ‘ನಾಟ್ ಸಪೋರ್ಟೆಡ್’ ಅಂತ ಬರುತ್ತೆ. ಹಳೇ ಟಿವಿ ಆದರೆ ಮೊದಲು 1280×720 ಇಟ್ಟು ನೋಡಿ, ಸರಿ ಬಂದರೆ ಮೇಲಕ್ಕೆ ಹೋಗಿ.

ಅಂಗಡಿಯವರು ಗಮನಿಸಬೇಕಾದ ಮುಖ್ಯ ವಿಷಯ ಇದು. ಕಟ್ ಆಗಿರೋದು ಟಿವಿ ಮೇಲೆ ಮಾತ್ರ. ಡಿವಿಆರ್‌ನ ಹಾರ್ಡ್‌ಡಿಸ್ಕ್‌ನಲ್ಲಿ ರೆಕಾರ್ಡ್ ಆಗಿರೋ ಚಿತ್ರ ಪೂರ್ತಿ ಇರುತ್ತೆ. ಕಳ್ಳತನ ಆದಾಗ, ಬಾಗಿಲ ಮುಂದೆ ಆ್ಯಕ್ಸಿಡೆಂಟ್ ಆದಾಗ ಗಾಬರಿಯಲ್ಲಿ ಟಿವಿ ಸ್ಕ್ರೀನನ್ನೇ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ವಾಟ್ಸ್ಆ್ಯಪ್‌ಗೆ ಹಾಕ್ತಾರೆ. ಆಗ ಮೂಲೆಯ ತಾರೀಕು, ಟೈಮ್ ಹೋಗಿರುತ್ತೆ. ಅದರ ಬದಲು ಡಿವಿಆರ್‌ಗೆ ಪೆನ್‌ಡ್ರೈವ್ ಹಾಕಿ, ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಆಯ್ಕೆಯಿಂದ ಮೂಲ ಫೈಲನ್ನೇ ತೆಗೆದುಕೊಳ್ಳಿ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೇದನ್ನು ಅಳಿಸಿ ಅದರ ಮೇಲೇ ಬರೆಯುತ್ತೆ, ಹಾಗಾಗಿ ತಡ ಮಾಡಬೇಡಿ. ಕೋರ್ಟ್‌ಗೆ ಇಂಥ ರೆಕಾರ್ಡಿಂಗ್ ನಕಲು ಕೊಡುವಾಗ ಅದರ ಜೊತೆ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿ ಇದು ಇದೆ. ಹೇಗೆ ಕೊಡಬೇಕು ಅಂತ ತನಿಖೆ ಮಾಡೋ ಪೊಲೀಸರನ್ನೇ ಕೇಳಿ.

ಡಿವಿಆರ್ ಟೈಮ್ ಸರಿ ಇದೆಯಾ ಅಂತಲೂ ಇದೇ ಹೊತ್ತಲ್ಲಿ ನೋಡಿಬಿಡಿ. ಮೂಲೆ ಕಾಣದೇ ಇದ್ದ ಅಂಗಡಿಯಲ್ಲಿ ಗಡಿಯಾರ ಹಿಂದೆ ಬಿದ್ದಿದ್ದರೂ ಯಾರಿಗೂ ಗೊತ್ತಾಗಿರಲ್ಲ.

ಟಿವಿಯಲ್ಲಿ ಆಗಲೇ ಇಲ್ಲ ಅಂದ್ರೆ ಕಂಪ್ಯೂಟರ್‌ನಲ್ಲಿ

ಕೆಲವು ಹಳೇ ಟಿವಿಗಳಲ್ಲಿ ಮೇಲೆ ಹೇಳಿದ ಯಾವ ಆಯ್ಕೆಯೂ ಇರಲ್ಲ. ಆಗ ಕಂಪ್ಯೂಟರ್‌ನಿಂದ ಚಿತ್ರವನ್ನೇ ಕುಗ್ಗಿಸಿ ಕಳಿಸಬೇಕು.

- ಇಂಟೆಲ್ ಗ್ರಾಫಿಕ್ಸ್ ಇದ್ದರೆ: ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲ್, ಡಿಸ್‌ಪ್ಲೇ, ಸ್ಕೇಲಿಂಗ್. ಅಲ್ಲಿ ಕಸ್ಟಮೈಸ್ ಆಸ್ಪೆಕ್ಟ್ ರೇಶಿಯೋ ಆರಿಸಿ ಎರಡು ಗೆರೆಗಳನ್ನು ಸರಿಸಿ.
- ಎಎಂಡಿ: ಡಿಸ್‌ಪ್ಲೇ ವಿಭಾಗದಲ್ಲಿ ಎಚ್‌ಡಿಎಂಐ ಸ್ಕೇಲಿಂಗ್.
- ಎನ್‌ವಿಡಿಯಾ: ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಆ್ಯಂಡ್ ಪೊಸಿಷನ್.

ಅಮೆಜಾನ್ ಫೈರ್ ಸ್ಟಿಕ್ ಹಾಕಿದ್ದರೆ ಸೆಟ್ಟಿಂಗ್ಸ್ ಒಳಗೆ ಡಿಸ್‌ಪ್ಲೇ ಆ್ಯಂಡ್ ಸೌಂಡ್ಸ್, ಅದರಲ್ಲಿ ಡಿಸ್‌ಪ್ಲೇ, ಅಲ್ಲಿ ಕ್ಯಾಲಿಬ್ರೇಟ್ ಡಿಸ್‌ಪ್ಲೇ. ನಾಲ್ಕು ಮೂಲೆಯಲ್ಲಿ ಬಾಣದ ಗುರುತು ಬರುತ್ತೆ, ಅವು ಪೂರ್ತಿ ಕಾಣುವ ತನಕ ಸರಿಸಿ.

ಹೀಗೆ ಮಾಡಿದರೆ ಅಕ್ಷರ ಸ್ವಲ್ಪ ಮಸುಕಾಗೋದು ಸಹಜ. ಬಿಲ್ಲಿಂಗ್ ಮಾಡೋರಿಗೆ ಕಣ್ಣು ನೋವು ಅನ್ನಿಸಿದರೆ ಅಕ್ಷರದ ಗಾತ್ರ ಸ್ವಲ್ಪ ಹೆಚ್ಚಿಸಿ. ಅವಸರಕ್ಕೆ ಇನ್ನೊಂದು ಉಪಾಯ: ಕೆಳಗಿನ ಟಾಸ್ಕ್‌ಬಾರ್ ಕಾಣದಿದ್ದರೂ ಕೀಬೋರ್ಡ್‌ನ ವಿಂಡೋಸ್ ಬಟನ್ ಒತ್ತಿದರೆ ಸ್ಟಾರ್ಟ್ ಮೆನು ತೆರೆಯುತ್ತೆ. ಬಿಲ್ ಕಿಟಕಿಯನ್ನು ಫುಲ್ ಸ್ಕ್ರೀನ್ ಮಾಡದೆ ಚಿಕ್ಕದು ಮಾಡಿ ನಡುವೆ ಇಟ್ಟುಕೊಂಡರೆ ಅಂದಿನ ವ್ಯಾಪಾರ ನಿಲ್ಲಲ್ಲ.

ಡಬ್ಬ ಟಿವಿ: ಹಿಂದಿನ ಮುಚ್ಚಳ ತೆಗೀಬೇಡಿ

ಡಬ್ಬ ಟಿವಿಯಲ್ಲಿ ಅಳತೆ ಸರಿಪಡಿಸೋ ಜಾಗ ಮಾಮೂಲಿ ಮೆನುವಿನಲ್ಲಿ ಸಾಮಾನ್ಯವಾಗಿ ಇರಲ್ಲ. ತೀರಾ ಹಳೇ ಸೆಟ್‌ಗಳಲ್ಲಿ ಒಳಗೆ ಅಥವಾ ಹಿಂದೆ ತಿರುಗಿಸೋ ಸ್ಕ್ರೂ ಇದ್ದವು. ಆಮೇಲಿನವುಗಳಲ್ಲಿ ರಿಮೋಟ್‌ನಿಂದ ತೆರೆಯೋ ಸರ್ವಿಸ್ ಮೆನು ಬಂತು. ಮೆಕ್ಯಾನಿಕ್‌ಗಳು ಅದರಲ್ಲಿ ಎಚ್ ಸೈಜ್, ವಿ ಸೈಜ್, ಎಚ್ ಪೊಸಿಷನ್, ವಿ ಪೊಸಿಷನ್ ನೋಡಿ ಸರಿ ಮಾಡ್ತಾರೆ.

ಯೂಟ್ಯೂಬ್ ನೋಡಿ ಸರ್ವಿಸ್ ಮೆನು ತೆರೆಯೋರು ಒಂದು ಕೆಲಸ ತಪ್ಪದೆ ಮಾಡಬೇಕು. ಏನನ್ನೂ ಬದಲಾಯಿಸೋ ಮುಂಚೆ ಅಲ್ಲಿರೋ ಅಂಕಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಗೊತ್ತಿಲ್ಲದ ಹೆಸರಿನ ಅಂಕಿ ಮುಟ್ಟಬೇಡಿ. ತಪ್ಪು ಅಂಕಿ ಸೇವ್ ಆದರೆ ಟಿವಿ ಆನ್ ಆಗದೇ ಹೋಗಬಹುದು.

ಹಿಂದಿನ ಮುಚ್ಚಳ ಮಾತ್ರ ತೆಗೆಯಲೇಬೇಡಿ. ಕಲರ್ ಟಿವಿ ಟ್ಯೂಬ್‌ಗೆ ಎಲ್‌ಒಟಿಯಿಂದ 20 ಸಾವಿರ ವೋಲ್ಟ್‌ಗೂ ಮೇಲೆ ಹೋಗುತ್ತೆ. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತೆ. ಸ್ವಿಚ್ ಆಫ್ ಮಾಡಿದ್ದೀನಲ್ಲ ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ. ಅದನ್ನು ಡಿಸ್ಚಾರ್ಜ್ ಮಾಡೋ ವಿಧಾನ ಗೊತ್ತಿರೋ ಮೆಕ್ಯಾನಿಕ್ ಮಾತ್ರ ಕೈ ಹಾಕಬೇಕು.

ಸಂಜೆ ಹೊತ್ತು ಮಾತ್ರ ಚಿತ್ರ ಕುಗ್ಗುತ್ತೆ, ಬಲ್ಬ್ ಕೂಡ ಮಂಕಾಗುತ್ತೆ ಅಂದ್ರೆ ಟಿವಿಗಿಂತ ಮೊದಲು ವೋಲ್ಟೇಜ್ ನೋಡಿಸಿ. ಸೆಸ್ಕ್‌ಗೆ ದೂರು ಕೊಡೋಕೆ 1912 ನಂಬರ್ ಇದೆ. ವೋಲ್ಟೇಜ್ ಸರಿ ಇದ್ದೂ ಕುಗ್ಗಿದರೆ ಟಿವಿಯ ಪವರ್ ಸಪ್ಲೈನಲ್ಲಿ ಕೆಪಾಸಿಟರ್ ಸೊರಗಿರಬಹುದು. ಅದು ರಿಪೇರಿ ಕೆಲಸ.

ಮೆಕ್ಯಾನಿಕ್ ಹತ್ರ ಹೋಗಲೇಬೇಕಾದರೆ

ಮೇಲಿನದ್ದೆಲ್ಲಾ ಮಾಡಿಯೂ ಆಗದಿದ್ದರೆ ಟಿವಿ ಹೊರೋ ಮುಂಚೆ ಮೂರು ಫೋಟೋ ತೆಗೆದುಕೊಂಡು ಹೋಗಿ: ಕಟ್ ಆಗಿರೋ ಸ್ಕ್ರೀನ್, ಟಿವಿ ಹಿಂದಿನ ಮಾಡೆಲ್ ನಂಬರ್ ಚೀಟಿ, ಟಿವಿ ಹಿಂದೆ ವೈರ್ ಜೋಡಿಸಿರೋ ಜಾಗ. ಅಂಗಡಿಯವರು ‘ಪ್ಯಾನಲ್ ಹೋಗಿದೆ’ ಅಂದ್ರೆ ಬೇರೆ ಇನ್‌ಪುಟ್‌ನಲ್ಲೂ ಅಂಚು ಕಟ್ ಆಗುತ್ತಾ ಅಂತ ನಿಮ್ಮ ಮುಂದೆಯೇ ತೋರಿಸೋಕೆ ಹೇಳಿ. ಪ್ಯಾನಲ್ ಕೆಟ್ಟರೆ ಗೆರೆ, ಕಪ್ಪು ಕಲೆ, ಬಣ್ಣದ ಪಟ್ಟಿ ಕಾಣುತ್ತವೆ. ನಾಲ್ಕು ಅಂಚು ಸಮನಾಗಿ ಕಟ್ ಆಗೋದು ಪ್ಯಾನಲ್ ಕೆಟ್ಟ ಲಕ್ಷಣ ಅಲ್ಲ.